ಉಚಿತ ಆನ್‌ಲೈನ್ ಸಾಮಗ್ರಿಗಳಿಂದ ವಿಶ್ವವಿದ್ಯಾಲಯದ ಗಣಿತವನ್ನು ಕಲಿಸುವ ಬಗೆ

ವಿಶ್ವವಿದ್ಯಾಲಯದ ಗಣಿತವನ್ನು ಕಲಿಸಲು ಬೇಕಾದ ಪುಸ್ತಕ, ಉಪನ್ಯಾಸ, ಅಭ್ಯಾಸ ಲೆಕ್ಕ, ತಂತ್ರಾಂಶಗಳೆಲ್ಲವೂ ಇಂದು ಹಣ ಕೊಡದೆ ಸಿಗುತ್ತವೆ. ಅಮೆರಿಕದ ಎಂಐಟಿ ತನ್ನ ಪಾಠಸಾಮಗ್ರಿಗಳನ್ನು ಜಗತ್ತಿಗೆ ತೆರೆದಿಡುವುದಾಗಿ 2001ರಲ್ಲಿ ಘೋಷಿಸಿದಾಗ ಅಪರೂಪವೆನಿಸಿದ್ದ ಈ ಪದ್ಧತಿ, ಕ್ಯಾಲ್ಕುಲಸ್‌ನಿಂದ ಟೊಪಾಲಜಿಯವರೆಗೆ ಹಬ್ಬಿ, ಒಂದೇ ವಿಷಯಕ್ಕೆ ಹಲವು ಒಳ್ಳೆಯ ಆಯ್ಕೆಗಳು ಎದುರಾಗುವ ಹಂತಕ್ಕೆ ಬಂದಿದೆ. ಹೀಗಾಗಿ ಅಧ್ಯಾಪಕರನ್ನು ಈಗ ಕಾಡುವುದು ಸಾಮಗ್ರಿಯ ಹೆಚ್ಚಳ. ಸಿಕ್ಕಿದ ಕೊಂಡಿಗಳನ್ನೆಲ್ಲ ಪಟ್ಟಿ ಮಾಡಿ ವಿದ್ಯಾರ್ಥಿಗಳ ಕೈಗಿಟ್ಟರೆ ಅವರು ಮೊದಲ ವಾರ ನಾಲ್ಕು ಕಡೆ ಇಣುಕಿ, ಎರಡನೆಯ ವಾರ ಗೊಂದಲಗೊಂಡು, ಮೂರನೆಯ ವಾರದಿಂದ ಯಾವುದನ್ನೂ ತೆರೆಯುವುದಿಲ್ಲ. ನಾನು ಪಾಲಿಸಿಕೊಂಡು ಬಂದ ಕ್ರಮ ಸರಳವಾದದ್ದು: ಒಂದು ಪುಸ್ತಕವನ್ನು ಬೆನ್ನೆಲುಬಾಗಿ ಆರಿಸಿಕೊಳ್ಳುವುದು, ಆ ಪುಸ್ತಕ ಸಾಲದೆ ಹೋದ ಕಡೆ ಮಾತ್ರ ಹೊರಗಿನದನ್ನು ತರುವುದು, ಹಾಗೆ ತಂದದ್ದನ್ನು ಪುಸ್ತಕದ ವ್ಯಾಖ್ಯೆಗಳೊಡನೆ ತಾಳೆ ನೋಡದೆ ತರಗತಿಗೆ ಬಿಡದಿರುವುದು.

ಹುಡುಕಾಟಕ್ಕೆ ಮುನ್ನ

ಹುಡುಕಲು ತೊಡಗುವ ಮೊದಲು ಪಠ್ಯಕ್ರಮವನ್ನು ವಾರವಾರಕ್ಕೆ ವಿಂಗಡಿಸಿ, ಪ್ರತಿ ವಾರದ ಕೊನೆಗೆ ವಿದ್ಯಾರ್ಥಿ ಏನನ್ನು ಮಾಡಬಲ್ಲವನಾಗಿರಬೇಕು ಎಂಬುದನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಬೇಕು. 'ಐಗನ್ ವ್ಯಾಲ್ಯೂಗಳು' ಎಂದು ಬರೆದರೆ ಅದು ಬರಿಯ ಶೀರ್ಷಿಕೆ. 'ಮೂರು ಅಡ್ಡಸಾಲು, ಮೂರು ಕಂಬಸಾಲುಗಳ ಮ್ಯಾಟ್ರಿಕ್ಸ್ ಒಂದನ್ನು ಕೊಟ್ಟರೆ ಅದನ್ನು ಕರ್ಣರೂಪಕ್ಕೆ ತರಬಹುದೇ ಎಂದು ನಿರ್ಧರಿಸಿ ಕಾರಣ ಬರೆಯಬಲ್ಲರು' ಎಂದು ಬರೆದರೆ, ಯಾವ ವಿಡಿಯೊ ಬೇಕು, ಯಾವುದು ಬೇಡ, ಎಂಥ ಲೆಕ್ಕಗಳು ಸಾಲುತ್ತವೆ ಎಂಬುದು ತಾನಾಗಿ ತಿಳಿಯುತ್ತದೆ. ಈ ಕೆಲಸಕ್ಕೆ ಒಂದು ಸಂಜೆ ಸಾಕು, ಆದರೆ ಇದನ್ನು ಬಿಟ್ಟವರು ಅವಧಿಯುದ್ದಕ್ಕೂ ಸಾಮಗ್ರಿಯ ಹಿಂದೆ ಓಡುತ್ತಾರೆ.

ಬೆನ್ನೆಲುಬಾಗುವ ಪುಸ್ತಕ

ಎಲ್ಲಿ ಹುಡುಕಬೇಕು ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರಗಳಿವೆ. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾಥಮ್ಯಾಟಿಕ್ಸ್ ಸಂಸ್ಥೆಯು ಪದವಿ ತರಗತಿಗಳಿಗೆ ಒಪ್ಪುವ ಮುಕ್ತ ಪಠ್ಯಪುಸ್ತಕಗಳನ್ನು ಪರಿಶೀಲಿಸಿ ಪಟ್ಟಿಯೊಂದನ್ನು ನಿರ್ವಹಿಸುತ್ತದೆ. ನಾನು ಮೊದಲು ನೋಡುವುದು ಅದನ್ನೇ. ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಹೊರತಂದ ಕ್ಯಾಲ್ಕುಲಸ್ ಪುಸ್ತಕ ಮೂರು ಸಂಪುಟಗಳಲ್ಲಿದೆ. ಬಿಡಿಸಿದ ಉದಾಹರಣೆಗಳು ಹೇರಳವಾಗಿರುವುದರಿಂದ ದೊಡ್ಡ ತರಗತಿಗೆ ಅದು ಅನುಕೂಲ. ಲೀನಿಯರ್ ಆಲ್ಜಿಬ್ರಾಕ್ಕೆ ಜಿಮ್ ಹೆಫರಾನ್ ಅವರ ಪುಸ್ತಕ, ಅನಾಲಿಸಿಸ್‌ಗೆ ಯಿರ್ಝಿ ಲೆಬ್ಲ್ ಅವರ ಪುಸ್ತಕ, ಅಮೂರ್ತ ಬೀಜಗಣಿತಕ್ಕೆ ಥಾಮಸ್ ಜಡ್ಸನ್ ಅವರ ಪುಸ್ತಕ ಬಹಳ ವರ್ಷಗಳಿಂದ ತಿದ್ದುಪಡಿಗೊಳ್ಳುತ್ತ ಬಂದಿರುವಂಥವು, ಮೂರನ್ನೂ ಧೈರ್ಯವಾಗಿ ಆರಿಸಿಕೊಳ್ಳಬಹುದು.

ಆದರೂ ಹೆಸರು ಕೇಳಿ ಆರಿಸಬಾರದು. ಪುಸ್ತಕವನ್ನು ಪೂರ್ತಿ ಓದಲು ಸಮಯವಿಲ್ಲದವರು ಆಯ್ದ ಕೆಲವು ಜಾಗಗಳನ್ನಾದರೂ ಓದಲೇಬೇಕು. ಕ್ಯಾಲ್ಕುಲಸ್ ಪುಸ್ತಕವಾದರೆ ನಾನು ನೇರವಾಗಿ ಚೈನ್ ರೂಲ್‌ನ (ಒಂದರೊಳಗೊಂದು ಕೂತ ಫಂಕ್ಷನ್‌ಗಳ ಡಿರೈವೇಟಿವ್ ತೆಗೆಯುವ ನಿಯಮದ) ಸಾಧನೆಗೆ, ಅಂದರೆ ಪ್ರೂಫ್‌ಗೆ, ಹೋಗುತ್ತೇನೆ. ಒಳಗಿನ ಫಂಕ್ಷನ್‌ನ ಬೆಲೆಯಲ್ಲಾಗುವ ವ್ಯತ್ಯಾಸದಿಂದ ಗುಣಿಸಿ ಅದರಿಂದಲೇ ಭಾಗಿಸುವ ಜನಪ್ರಿಯ ಸಾಧನೆಯಲ್ಲಿ ಒಂದು ಬಿರುಕಿದೆ: ಆ ವ್ಯತ್ಯಾಸ ಸೊನ್ನೆಯಾಗಬಹುದು. ಎಕ್ಸ್‌ನ ವರ್ಗವನ್ನು ಎಕ್ಸ್‌ನ ವಿಲೋಮದ (ಒಂದನ್ನು ಎಕ್ಸ್‌ನಿಂದ ಭಾಗಿಸಿದ್ದರ) ಸೈನ್‌ನಿಂದ ಗುಣಿಸಿ, ಸೊನ್ನೆಯಲ್ಲಿ ಸೊನ್ನೆ ಎಂದು ಇಟ್ಟುಕೊಂಡ ಫಂಕ್ಷನ್ ಇದಕ್ಕೆ ಸಾಕ್ಷಿ. ಅದಕ್ಕೆ ಸೊನ್ನೆಯಲ್ಲಿ ಡಿರೈವೇಟಿವ್ ಇದೆ, ಆದರೆ ಸೊನ್ನೆಗೆ ಎಷ್ಟು ಹತ್ತಿರ ಹೋದರೂ ವ್ಯತ್ಯಾಸ ಅಸಂಖ್ಯ ಬಾರಿ ಸೊನ್ನೆಯಾಗುತ್ತಲೇ ಇರುತ್ತದೆ. ಈ ತೊಡಕನ್ನು ಪುಸ್ತಕ ಬಗೆಹರಿಸಿದ್ದರೆ ಒಳ್ಳೆಯದು, 'ಪೂರ್ಣ ಸಾಧನೆ ಇಲ್ಲಿ ಕೊಟ್ಟಿಲ್ಲ' ಎಂದು ಒಪ್ಪಿಕೊಂಡಿದ್ದರೂ ಒಳ್ಳೆಯದು. ಬಿರುಕನ್ನು ಕಾಣದೆ ದಾಟಿಹೋಗಿದ್ದರೆ ಆ ಪುಸ್ತಕದ ಉಳಿದ ಸಾಧನೆಗಳನ್ನೂ ಅನುಮಾನದಿಂದ ನೋಡಬೇಕಾಗುತ್ತದೆ.

ಎರಡನೆಯದಾಗಿ ಅಭ್ಯಾಸಗಳನ್ನು ನೋಡಬೇಕು. ಒಂದೇ ಮಾದರಿಯ ನಲವತ್ತು ಲೆಕ್ಕಗಳಿಗಿಂತ, ಹಿಂದಿನ ಅಧ್ಯಾಯದ ತಿಳಿವಳಿಕೆಯನ್ನು ಎಳೆದು ತರುವ ಹತ್ತು ಲೆಕ್ಕಗಳು ಹೆಚ್ಚು ಕಲಿಸುತ್ತವೆ. ಉತ್ತರಗಳು ಎಲ್ಲಿವೆ ಎಂಬುದೂ ಮುಖ್ಯ. ಹೆಫರಾನ್ ಅವರ ಪುಸ್ತಕದ ಅಭ್ಯಾಸಗಳಿಗೆಲ್ಲ ವಿವರವಾದ ಉತ್ತರಗಳು ಉಚಿತವಾಗಿಯೇ ಸಿಗುತ್ತವೆ. ಸ್ವಂತವಾಗಿ ಓದುವವರಿಗೆ ಇದು ದೊಡ್ಡ ಉಪಕಾರ, ಅಂಕಕ್ಕಾಗಿ ಮನೆಗೆಲಸ ಕೊಡುವ ಅಧ್ಯಾಪಕರಿಗೆ ಮಾತ್ರ ಅಡಚಣೆ. ಅಂಥ ಕಡೆ ಪುಸ್ತಕದ ಲೆಕ್ಕಗಳನ್ನು ಅಭ್ಯಾಸಕ್ಕೆ ಬಿಟ್ಟು, ಅಂಕಕ್ಕೆ ಸಣ್ಣ ಬದಲಾವಣೆಗಳಿಂದ ತಾವೇ ಹೊಸ ಲೆಕ್ಕ ಕಟ್ಟಬೇಕು.

ವ್ಯಾಖ್ಯೆಗಳ ತಾಳೆ

ಈ ಇಡೀ ಕೆಲಸದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಗಣಿತ ಎಲ್ಲ ಕಡೆ ಒಂದೇ ಎಂಬ ನಂಬಿಕೆಯಿಂದ ಒಂದು ಕಡೆಯ ವಿಡಿಯೊ, ಇನ್ನೊಂದು ಕಡೆಯ ಟಿಪ್ಪಣಿ, ಮತ್ತೊಂದು ಕಡೆಯ ಲೆಕ್ಕಗಳನ್ನು ಜೋಡಿಸಿದಾಗ, ಸತ್ಯ ಒಂದೇ ಆದರೂ ಮಾತು ಬೇರೆಬೇರೆ ಎಂಬುದು ಬಯಲಾಗುತ್ತದೆ. ಸ್ವಾಭಾವಿಕ ಸಂಖ್ಯೆಗಳು ಕೆಲವರಲ್ಲಿ ಸೊನ್ನೆಯಿಂದ, ಕೆಲವರಲ್ಲಿ ಒಂದರಿಂದ ತೊಡಗುತ್ತವೆ. 'ಏರುವ ಫಂಕ್ಷನ್' ಎಂದರೆ ಕೆಲವರಿಗೆ ಕಟ್ಟುನಿಟ್ಟಾಗಿ ಏರುವಂಥದು, ಇನ್ನು ಕೆಲವರಿಗೆ ಇಳಿಯದೆ ಇರುವಂಥದು. ಚೌಕದ ಎಂಟು ಸಮಮಿತಿಗಳ ಗುಂಪಿಗೆ ಒಬ್ಬ ಲೇಖಕ ಡಿ ನಾಲ್ಕು ಎಂದರೆ ಇನ್ನೊಬ್ಬ ಡಿ ಎಂಟು ಎನ್ನುತ್ತಾನೆ. ಸಂಕೀರ್ಣ ಸಂಖ್ಯೆಗಳ ಮೇಲಿನ ಇನ್ನರ್ ಪ್ರಾಡಕ್ಟ್ ಗಣಿತದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಮೊದಲ ಸ್ಥಾನದಲ್ಲಿ ಲೀನಿಯರ್ ಆಗಿದ್ದರೆ, ಭೌತಶಾಸ್ತ್ರದವರಲ್ಲಿ ಎರಡನೆಯ ಸ್ಥಾನದಲ್ಲಿ ಲೀನಿಯರ್ ಆಗಿರುತ್ತದೆ. ರಿಂಗ್‌ಗೆ (ಕೂಡುವ, ಗುಣಿಸುವ ನಿಯಮಗಳಿರುವ ಗಣಕ್ಕೆ) ಗುಣಾಕಾರದ ಏಕಾಂಶ ಕಡ್ಡಾಯವೆಂದು ಒಪ್ಪಿದರೆ ಸಮಸಂಖ್ಯೆಗಳು ರಿಂಗ್ ಆಗುವುದಿಲ್ಲ, ಕಡ್ಡಾಯವಲ್ಲ ಎಂದರೆ ಆಗುತ್ತವೆ. ಹೀಗೆ ಒಂದೇ ಪ್ರಶ್ನೆಗೆ ಎರಡು ಪುಸ್ತಕಗಳಲ್ಲಿ ಎರಡು ಸರಿಯುತ್ತರ.

ಗುಂಪು ಸಿದ್ಧಾಂತದ ತರಗತಿಯೊಂದರಲ್ಲಿ ನನಗೇ ಇದರ ಬಿಸಿ ತಟ್ಟಿದೆ. (1 2) ಮತ್ತು (2 3) ಎಂಬ ಎರಡು ಕ್ರಮಯೋಜನೆಗಳನ್ನು (ಅಂಕೆಗಳ ಸ್ಥಾನ ಅದಲುಬದಲು ಮಾಡುವ ಕ್ರಿಯೆಗಳನ್ನು) ಅದೇ ಸಾಲಿನಲ್ಲಿ ಗುಣಿಸಲು ಹೇಳಿದಾಗ ಅರ್ಧ ತರಗತಿ (1 2 3) ಎಂದೂ ಉಳಿದರ್ಧ (1 3 2) ಎಂದೂ ಬರೆದಿತ್ತು. ಮೊದಲಿನವರು ನಮ್ಮ ಪುಸ್ತಕದಂತೆ ಬಲದಿಂದ ಎಡಕ್ಕೆ ಗುಣಿಸಿದ್ದರು. ಎರಡನೆಯವರು ನಾನೇ ಸೂಚಿಸಿದ್ದ ಒಂದು ಉಪನ್ಯಾಸವನ್ನು ನೋಡಿ ಎಡದಿಂದ ಬಲಕ್ಕೆ ಗುಣಿಸಿದ್ದರು. ಯಾರೂ ತಪ್ಪು ಮಾಡಿರಲಿಲ್ಲ, ತಪ್ಪಾಗಿದ್ದುದು ಉಪನ್ಯಾಸವನ್ನು ಪೂರ್ತಿ ನೋಡದೆ ಕೊಂಡಿ ಕಳಿಸಿದ ನನ್ನಿಂದ. ಅಂದಿನಿಂದ ಪ್ರತಿ ಅಧ್ಯಾಯಕ್ಕೂ ಒಂದು ಪುಟದ ಒಪ್ಪಂದಪತ್ರ ಬರೆಯುತ್ತೇನೆ: ನಮ್ಮ ತರಗತಿಯಲ್ಲಿ ಈ ಪದಕ್ಕೆ ಇದೇ ಅರ್ಥ, ಈ ಚಿಹ್ನೆಗೆ ಇದೇ ಓದು, ಇಂಥ ವಿಡಿಯೊದಲ್ಲಿ ಇದಕ್ಕೆ ಬದಲು ಹೀಗೆ ಹೇಳಿದ್ದಾರೆ. ವಿದ್ಯಾರ್ಥಿಗಳ ಮನೆಮಾತು ಸಾಮಗ್ರಿಯ ಭಾಷೆಗಿಂತ ಬೇರೆಯಾಗಿದ್ದರೆ ಅದೇ ಪುಟದಲ್ಲಿ ಮುಖ್ಯ ಪದಗಳ ಅರ್ಥವನ್ನು ಅವರ ಮಾತಿನಲ್ಲಿ ಒಂದೊಂದು ಪೂರ್ಣ ವಾಕ್ಯವಾಗಿ ಬರೆಯುವುದು ಒಳ್ಳೆಯದು. ಬರಿಯ ಸಮಾನಪದ ಕೊಟ್ಟರೆ ಎರಡು ಅಪರಿಚಿತ ಪದಗಳನ್ನು ಕೊಟ್ಟಂತಾಗುತ್ತದೆ.

ಪದಗಳಿಗಿಂತ ಕಣ್ಣಿಗೆ ಬೀಳುವುದು ಕಷ್ಟವಾದದ್ದು ವಿಷಯಗಳ ಅನುಕ್ರಮ. ಶೆಲ್ಡನ್ ಆಕ್ಸ್ಲರ್ ಅವರ ಲೀನಿಯರ್ ಆಲ್ಜಿಬ್ರಾ ಪುಸ್ತಕದ ನಾಲ್ಕನೆಯ ಆವೃತ್ತಿ ಈಗ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಡಿಟರ್ಮಿನೆಂಟ್ ಕೊನೆಯ ಅಧ್ಯಾಯಕ್ಕೆ ಬರುತ್ತದೆ, ಐಗನ್ ವ್ಯಾಲ್ಯೂಗಳ ಅಸ್ತಿತ್ವವನ್ನು ಅದರ ನೆರವಿಲ್ಲದೆ ಸಾಧಿಸಲಾಗಿದೆ. ಬೇರೆ ಬಹುಪಾಲು ಪುಸ್ತಕಗಳಲ್ಲಿ ಡಿಟರ್ಮಿನೆಂಟ್ ಮೊದಲು, ಐಗನ್ ವ್ಯಾಲ್ಯೂ ಆಮೇಲೆ. ಎರಡೂ ದಾರಿಗಳು ಸರಿ, ಆದರೆ ಒಂದರ ಪಾಠಕ್ಕೆ ಇನ್ನೊಂದರ ಲೆಕ್ಕಗಳನ್ನು ಅಂಟಿಸಿದರೆ ವಿದ್ಯಾರ್ಥಿ ಇನ್ನೂ ಕಲಿಯದ ಉಪಕರಣವನ್ನು ಬಳಸಬೇಕಾಗುತ್ತದೆ. ಇದಕ್ಕಿಂತ ಅಪಾಯಕಾರಿಯಾದದ್ದು ಸುತ್ತುವಾದ. ಎಕ್ಸ್ ಸೊನ್ನೆಯತ್ತ ಸಾಗಿದಾಗ ಸೈನ್ ಎಕ್ಸ್ ಅನ್ನು ಎಕ್ಸ್‌ನಿಂದ ಭಾಗಿಸಿದರೆ ಬರುವ ಲಿಮಿಟ್ ಒಂದು ಎಂಬುದನ್ನು ಲೋಪಿತಾಲ್ ನಿಯಮದಿಂದ ಒಂದೇ ಸಾಲಿನಲ್ಲಿ 'ಸಾಧಿಸುವ' ಕಿರು ವಿಡಿಯೊಗಳು ಧಾರಾಳವಾಗಿವೆ. ಆ ನಿಯಮವನ್ನು ಅನ್ವಯಿಸಲು ಸೈನ್‌ನ ಡಿರೈವೇಟಿವ್ ಬೇಕು, ಸಾಮಾನ್ಯ ಪಾಠಕ್ರಮದಲ್ಲಿ ಆ ಡಿರೈವೇಟಿವ್ ಹುಟ್ಟಿದ್ದೇ ಈ ಲಿಮಿಟ್‌ನಿಂದ. ಹೊರಗಿನ ಯಾವ ಸಾಧನೆಯನ್ನೇ ತಂದರೂ, ಅದು ಬಳಸುವ ಪ್ರತಿ ಪ್ರಮೇಯವೂ ನಮ್ಮ ಪುಸ್ತಕದಲ್ಲಿ ಆ ಪುಟಕ್ಕೆ ಮೊದಲೇ ಬಂದಿದೆಯೇ ಎಂದು ಬೆರಳಿಟ್ಟು ನೋಡಬೇಕು.

ವಿಡಿಯೊಗಳನ್ನೂ ಚಿತ್ರಗಳನ್ನೂ ಬಳಸುವುದು

ವಿಡಿಯೊ ಉಪನ್ಯಾಸದ ಬಲವಿರುವುದು ಅಧ್ಯಾಪಕರ ಬಾಯಲ್ಲಿ ಬಾರದ ಒಂದು ನೋಟವನ್ನು ತಂದುಕೊಡುವುದರಲ್ಲಿ. ಎಂಐಟಿಯ ಗಿಲ್ಬರ್ಟ್ ಸ್ಟ್ರ್ಯಾಂಗ್ ಅವರು ತಮ್ಮ ಲೀನಿಯರ್ ಆಲ್ಜಿಬ್ರಾ ಉಪನ್ಯಾಸಮಾಲೆಯ ಮೊದಲ ಪಾಠದಲ್ಲೇ ಸಮೀಕರಣಗಳ ಗುಂಪನ್ನು ಎರಡು ಬಗೆಯಲ್ಲಿ ತೋರಿಸುತ್ತಾರೆ: ಅಡ್ಡಸಾಲುಗಳ ಪ್ರಕಾರ ನೋಡಿದರೆ ಗೆರೆಗಳು ಸಂಧಿಸುವ ಬಿಂದು, ಕಂಬಸಾಲುಗಳ ಪ್ರಕಾರ ನೋಡಿದರೆ ಕೆಲವು ವೆಕ್ಟರ್‌ಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿ ಇನ್ನೊಂದನ್ನು ಪಡೆಯುವ ಕೆಲಸ. ಎರಡನೆಯ ನೋಟ ಒಮ್ಮೆ ಮನಸ್ಸಿಗೆ ಹತ್ತಿದರೆ ಸ್ಪ್ಯಾನ್, ರ‍್ಯಾಂಕ್ ಎಂಬ ಪದಗಳು ಬಂದಾಗ ವಿದ್ಯಾರ್ಥಿ ಹೆದರುವುದಿಲ್ಲ. ಗ್ರ್ಯಾಂಟ್ ಸ್ಯಾಂಡರ್ಸನ್ ಅವರ ತ್ರೀ ಬ್ಲೂ ಒನ್ ಬ್ರೌನ್ ಚಾನೆಲ್‌ನ ಲೀನಿಯರ್ ಆಲ್ಜಿಬ್ರಾ ಸರಣಿ 2016ರಲ್ಲಿ ಬಂದದ್ದು. ಡಿಟರ್ಮಿನೆಂಟ್ ಎಂದರೆ ವಿಸ್ತೀರ್ಣ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದರ ಅಳತೆ ಎಂದು ಚಲಿಸುವ ಚಿತ್ರದಲ್ಲಿ ತೋರಿಸಿದ ಮೇಲೆ, ಎರಡು ಮ್ಯಾಟ್ರಿಕ್ಸ್‌ಗಳ ಗುಣಲಬ್ಧದ ಡಿಟರ್ಮಿನೆಂಟ್ ಏಕೆ ಅವುಗಳ ಡಿಟರ್ಮಿನೆಂಟ್‌ಗಳ ಗುಣಲಬ್ಧವಾಗುತ್ತದೆ ಎಂಬುದಕ್ಕೆ ಬೇರೆ ಪ್ರೇರಣೆ ಬೇಕಾಗುವುದಿಲ್ಲ. ಸಾಧನೆ ಬೇಕು, ಅದನ್ನು ಕಪ್ಪುಹಲಗೆಯ ಮೇಲೆ ನಾವೇ ಮಾಡಬೇಕು.

ತರಗತಿಯಲ್ಲಿ ತೋರಿಸುವ ತುಣುಕು ಹತ್ತು ನಿಮಿಷ ಮೀರದಿರಲಿ. ಮುಖ್ಯ ತೀರ್ಮಾನ ಬರುವುದಕ್ಕೆ ಸ್ವಲ್ಪ ಮುಂಚೆ ನಿಲ್ಲಿಸಿ, ಮುಂದೇನಾಗುತ್ತದೆ ಎಂದು ಪ್ರತಿಯೊಬ್ಬರೂ ಕಾಗದದ ಮೇಲೆ ಬರೆಯುವಂತೆ ಹೇಳಿ, ಆಮೇಲೆ ಮುಂದುವರಿಸಬೇಕು. ಮನೆಯಲ್ಲಿ ನೋಡಲು ಕೊಟ್ಟರೆ ಜೊತೆಗೆ ಎರಡು ಪ್ರಶ್ನೆಗಳನ್ನು ಕೊಟ್ಟು, ಉತ್ತರವನ್ನು ತರಗತಿಯ ಆರಂಭದಲ್ಲೇ ಕೇಳಬೇಕು. ಪ್ರಶ್ನೆಯಿಲ್ಲದ ವಿಡಿಯೊವನ್ನು ವಿದ್ಯಾರ್ಥಿಗಳು ನೋಡಿ ಅರ್ಥವಾಯಿತೆಂದು ನಂಬುತ್ತಾರೆ, ಪೆನ್ನು ಹಿಡಿದಾಗ ಏನೂ ಉಳಿದಿರುವುದಿಲ್ಲ.

ಮಾರ್ಕುಸ್ ಹೋಹನ್‌ವಾರ್ಟರ್ ಅವರು 2001ರಲ್ಲಿ ಆರಂಭಿಸಿದ ಜಿಯೋಜೀಬ್ರಾ, ಬ್ರೌಸರ್‌ನಲ್ಲೇ ನಡೆಯುವ ಡೆಸ್ಮೋಸ್, ವಿಲಿಯಂ ಸ್ಟೈನ್ ಅವರಿಂದ 2005ರಲ್ಲಿ ಮೊದಲಾದ ಸೇಜ್ ಇವು ಚಿತ್ರಕ್ಕೂ ಲೆಕ್ಕಾಚಾರಕ್ಕೂ ಸಾಕಾಗುತ್ತವೆ. ಲಿಮಿಟ್‌ನ ವ್ಯಾಖ್ಯೆಯಲ್ಲಿ ಬರುವ ಎಪ್ಸಿಲಾನ್‌ನ ಪಟ್ಟಿಯನ್ನು (ಫಂಕ್ಷನ್‌ನ ಬೆಲೆ ಒಳಗಿರಬೇಕಾದ ಅಂಚನ್ನು) ವಿದ್ಯಾರ್ಥಿಯೇ ಎಳೆದು ಕಿರಿದು ಮಾಡಿ, ಅದಕ್ಕೆ ತಕ್ಕ ಡೆಲ್ಟಾವನ್ನು ಹುಡುಕುವಂಥ ಪುಟ್ಟ ಚಿತ್ರವನ್ನು ಅರ್ಧ ಗಂಟೆಯಲ್ಲಿ ಕಟ್ಟಬಹುದು. ಮೊದಲು ಎಪ್ಸಿಲಾನ್ ಬರುತ್ತದೆ, ಡೆಲ್ಟಾ ಅದಕ್ಕೆ ಉತ್ತರವಾಗಿ ಬರುತ್ತದೆ ಎಂಬ ಕ್ರಮ ಕೈಗೇ ಅಭ್ಯಾಸವಾಗುತ್ತದೆ. ಆದರೆ ಚಿತ್ರ ಎಲ್ಲಿ ಮೋಸಮಾಡುತ್ತದೆ ಎಂಬುದನ್ನೂ ಅದೇ ಉಪಕರಣದಿಂದ ತೋರಿಸಬೇಕು. ಎಕ್ಸ್ ವರ್ಗ ಮತ್ತು ವೈಗಳ ಗುಣಲಬ್ಧವನ್ನು, ಎಕ್ಸ್‌ನ ನಾಲ್ಕನೆಯ ಘಾತ ಮತ್ತು ವೈ ವರ್ಗಗಳ ಮೊತ್ತದಿಂದ ಭಾಗಿಸಿದ ಫಂಕ್ಷನ್ ತೆಗೆದುಕೊಳ್ಳಿ. ಮೂಲಬಿಂದುವಿನತ್ತ ಯಾವ ಸರಳರೇಖೆಯ ಮೇಲೆ ಬಂದರೂ ಅದರ ಬೆಲೆ ಸೊನ್ನೆಯತ್ತ ಸಾಗುತ್ತದೆ, ವೈ ಎಂಬುದು ಎಕ್ಸ್ ವರ್ಗಕ್ಕೆ ಸಮನಾದ ಪ್ಯಾರಾಬೋಲಾದ ಮೇಲೆ ಬಂದರೆ ಮಾತ್ರ ಅರ್ಧದಲ್ಲೇ ನಿಂತಿರುತ್ತದೆ. ಹಾಗಾಗಿ ಲಿಮಿಟ್ ಇಲ್ಲವೇ ಇಲ್ಲ. ಮೂರು ಆಯಾಮಗಳ ಚಿತ್ರದಲ್ಲಿ ಮೂಲಬಿಂದುವಿನ ಸುತ್ತ ತಂತ್ರಾಂಶ ಕೆಲವೇ ಬಿಂದುಗಳನ್ನು ಜೋಡಿಸಿ ಮೇಲ್ಮೈ ಎಳೆಯುವುದರಿಂದ ಅಲ್ಲಿ ಕಾಣುವುದು ನಂಬಲರ್ಹವಲ್ಲ. ಚಿತ್ರವನ್ನು ಮೊದಲು ತೋರಿಸಿ ವಿದ್ಯಾರ್ಥಿಗಳಿಂದ ಊಹೆ ಕೇಳಿ, ಬಳಿಕ ಪ್ಯಾರಾಬೋಲಾದ ದಾರಿಯನ್ನು ಅವರೇ ಲೆಕ್ಕ ಹಾಕುವಂತೆ ಮಾಡಿದರೆ, ಸಾಧನೆ ಏಕೆ ಬೇಕು ಎಂಬ ಪ್ರಶ್ನೆಯನ್ನು ಆ ತರಗತಿ ಮತ್ತೆ ಕೇಳುವುದಿಲ್ಲ.

ಅಭ್ಯಾಸ ಲೆಕ್ಕಗಳು

ನೂರು ಜನರ ಮನೆಗೆಲಸವನ್ನು ಒಬ್ಬರೇ ತಿದ್ದಲಾಗದು. ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದ ಮಧ್ಯಭಾಗದಲ್ಲಿ ಹುಟ್ಟಿದ ವೆಬ್‌ವರ್ಕ್ ಪ್ರತಿ ವಿದ್ಯಾರ್ಥಿಗೂ ಬೇರೆ ಅಂಕೆಗಳಿರುವ ಲೆಕ್ಕ ಕೊಟ್ಟು ಉತ್ತರವನ್ನು ತಕ್ಷಣ ಪರೀಕ್ಷಿಸುತ್ತದೆ. ಅದರ ಮುಕ್ತ ಭಂಡಾರದಲ್ಲಿ 30,000ಕ್ಕೂ ಹೆಚ್ಚು ಲೆಕ್ಕಗಳಿವೆ. ಅದನ್ನು ನಡೆಸಲು ಸರ್ವರ್ ಬೇಕಾಗುವುದರಿಂದ, ಆ ಅನುಕೂಲವಿಲ್ಲದವರು ಮೈಓಪನ್‌ಮ್ಯಾಥ್ ತಾಣದಲ್ಲಿ ಉಚಿತವಾಗಿ ತರಗತಿ ತೆರೆಯಬಹುದು.

ಕ್ರಿಸ್ ಸ್ಯಾಂಗ್ವಿನ್ ಅವರು ಕಟ್ಟಿದ ಸ್ಟ್ಯಾಕ್ ನನಗೆ ಹೆಚ್ಚು ಪ್ರಿಯವಾದದ್ದು. ಮೂಡಲ್ ಎಂಬ ಆನ್‌ಲೈನ್ ತರಗತಿ ತಂತ್ರಾಂಶದೊಳಗೆ ಸೇರಿಕೊಳ್ಳುವ ಇದು ಉತ್ತರವನ್ನು ಮ್ಯಾಕ್ಸಿಮಾ ಎಂಬ ಬೀಜಗಣಿತ ತಂತ್ರಾಂಶಕ್ಕೆ ಒಪ್ಪಿಸಿ, ಅದಕ್ಕೆ ಇರಬೇಕಾದ ಗುಣಗಳಿವೆಯೇ ಎಂದು ನೋಡುತ್ತದೆ. 'ಕರ್ಣರೂಪಕ್ಕೆ ತರಲಾಗದ ಎರಡು ಅಡ್ಡಸಾಲು, ಎರಡು ಕಂಬಸಾಲುಗಳ ಮ್ಯಾಟ್ರಿಕ್ಸ್ ಒಂದನ್ನು ಕೊಡಿ' ಎಂಬ ಪ್ರಶ್ನೆಗೆ ಸರಿಯುತ್ತರಗಳು ಅನಂತ. ವಿದ್ಯಾರ್ಥಿ ಯಾವುದನ್ನು ಕೊಟ್ಟರೂ ಅದನ್ನು ಪರೀಕ್ಷಿಸುವಂತೆ ಇಲ್ಲಿ ಪ್ರಶ್ನೆ ಬರೆಯಬಹುದು. ಉದಾಹರಣೆ ಕಟ್ಟಲು ಹೇಳುವ ಇಂಥ ಪ್ರಶ್ನೆ, ಸೂತ್ರಕ್ಕೆ ಅಂಕೆ ಹಾಕುವ ಹತ್ತು ಪ್ರಶ್ನೆಗಳಿಗೆ ಸಮ. ಇಷ್ಟಾದರೂ ಯಂತ್ರ ನೋಡುವುದು ಉತ್ತರವನ್ನು. ಸಾಧನೆ ಬರೆಯುವ ಕೌಶಲ ಬೆಳೆಯಬೇಕಾದರೆ ವಾರಕ್ಕೆ ಎರಡಾದರೂ ಸಾಧನೆಗಳನ್ನು ಕೈಬರಹದಲ್ಲಿ ಬರೆಸಿ, ಅಧ್ಯಾಪಕರೇ ಓದಿ, ಎಲ್ಲಿ ತರ್ಕ ಜಾರಿತು ಎಂದು ಅಂಚಿನಲ್ಲಿ ಗುರುತಿಸಬೇಕು. ಯಂತ್ರಕ್ಕೆ ಒಪ್ಪಿಸಿ ಉಳಿಸಿದ ಸಮಯವನ್ನೆಲ್ಲ ನಾನು ಇದಕ್ಕೇ ಕೊಡುತ್ತೇನೆ.

ಪರವಾನಗಿಯನ್ನು ಓದುವುದು

ಉಚಿತ ಎಂಬುದೂ ಮುಕ್ತ ಎಂಬುದೂ ಒಂದಲ್ಲ. ನೋಡಲು ಹಣ ಕೇಳದ ವಿಡಿಯೊವನ್ನು ಕತ್ತರಿಸಿ ಬೇರೆ ಕಡೆ ಹಾಕುವ ಹಕ್ಕು ನಮಗೆ ಬಂದಿರುವುದಿಲ್ಲ, ಅದಕ್ಕೆ ಕೊಂಡಿ ಕೊಡಬಹುದು ಅಷ್ಟೆ. ತಿದ್ದಿ, ಅನುವಾದಿಸಿ, ಮರುಹಂಚಬೇಕಾದರೆ ಕ್ರಿಯೇಟಿವ್ ಕಾಮನ್ಸ್‌ನಂಥ ಪರವಾನಗಿ ಬೇಕು. ಅದರಲ್ಲೂ ಕರ್ತೃವಿನ ಹೆಸರು ಹೇಳಿದರೆ ಸಾಕೆನ್ನುವುದು, ವಾಣಿಜ್ಯ ಬಳಕೆ ಕೂಡದೆನ್ನುವುದು, ತಿದ್ದಿದ್ದನ್ನು ಅದೇ ಪರವಾನಗಿಯಲ್ಲಿ ಹಂಚಬೇಕೆನ್ನುವುದು, ತಿದ್ದಲೇ ಬಾರದೆನ್ನುವುದು ಎಂದು ಬೇರೆಬೇರೆ ಷರತ್ತುಗಳಿವೆ. ತಿದ್ದಬಾರದೆಂಬ ಷರತ್ತಿದ್ದರೆ ನಿಮ್ಮ ಅನುವಾದವನ್ನೂ ಹಂಚುವಂತಿಲ್ಲ.

ಬೆರೆಸುವಾಗ ತೊಡಕು ಹೆಚ್ಚು. ಓಪನ್‌ಸ್ಟ್ಯಾಕ್ಸ್‌ನ ಕ್ಯಾಲ್ಕುಲಸ್ ವಾಣಿಜ್ಯ ಬಳಕೆಯನ್ನು ನಿಷೇಧಿಸಿ ಅದೇ ಪರವಾನಗಿಯಲ್ಲಿ ಹಂಚಲು ಹೇಳುತ್ತದೆ. ಮ್ಯಾಟ್ ಬೋಲ್ಕಿನ್ಸ್ ಮುಖ್ಯ ಲೇಖಕರಾಗಿರುವ ಆಕ್ಟಿವ್ ಕ್ಯಾಲ್ಕುಲಸ್ ವಾಣಿಜ್ಯ ನಿಷೇಧವಿಲ್ಲದೆ ಅದೇ ಪರವಾನಗಿಯಲ್ಲಿ ಹಂಚಲು ಹೇಳುತ್ತದೆ. ಎರಡೂ ತಮ್ಮ ಷರತ್ತನ್ನೇ ಮುಂದುವರಿಸಬೇಕೆನ್ನುವುದರಿಂದ ಇವುಗಳ ಭಾಗಗಳನ್ನು ಕಲಸಿ ಒಂದೇ ಹೊಸ ಅಧ್ಯಾಯ ಮಾಡಿ ಪ್ರಕಟಿಸಲು ಬರುವುದಿಲ್ಲ. ಒಂದರ ಪಕ್ಕ ಇನ್ನೊಂದನ್ನು ಬಿಡಿಯಾಗಿ ಇಟ್ಟು, ಪ್ರತಿಯೊಂದಕ್ಕೂ ಅದರದೇ ಪರವಾನಗಿ ಬರೆದು, ಇವತ್ತು ಇದನ್ನು, ನಾಳೆ ಅದನ್ನು ಓದಿ ಎಂದು ಸೂಚಿಸಲು ಅಡ್ಡಿಯಿಲ್ಲ. ಬೇರೆಯವರ ಪುಟವನ್ನು ಬಳಸಿದಾಗಲೆಲ್ಲ ಕೃತಿಯ ಹೆಸರು, ಕರ್ತೃ, ಪರವಾನಗಿ, ನೀವು ಮಾಡಿದ ಬದಲಾವಣೆ ಇವನ್ನು ಆ ಪುಟದ ಕೆಳಗೇ ಬರೆಯುವ ರೂಢಿ ಮಾಡಿಕೊಳ್ಳಬೇಕು, ಕೊನೆಗೆ ಸೇರಿಸೋಣ ಎಂದು ಬಿಟ್ಟರೆ ಯಾವುದು ಎಲ್ಲಿಂದ ಬಂತೆಂಬುದೇ ಮರೆತುಹೋಗುತ್ತದೆ.

ಅವಧಿ ಆರಂಭವಾಗುವ ಮೊದಲು

ಬಳಸಲಿರುವ ಪುಸ್ತಕದ ಆವೃತ್ತಿಯನ್ನು ಇಳಿಸಿಕೊಂಡು ಇಡಬೇಕು. ಮುಕ್ತ ಪುಸ್ತಕಗಳು ನಡುವೆ ತಿದ್ದುಪಡಿಗೊಂಡು ಪ್ರಮೇಯಗಳ ಸಂಖ್ಯೆ ಬದಲಾದರೆ, 'ಮೂರನೆಯ ಅಧ್ಯಾಯದ ಹನ್ನೆರಡನೆಯ ಲೆಕ್ಕ' ಎಂಬ ಸೂಚನೆ ಇಬ್ಬರು ವಿದ್ಯಾರ್ಥಿಗಳಿಗೆ ಎರಡು ಲೆಕ್ಕಗಳನ್ನು ತೋರಿಸುತ್ತದೆ. ಸಂಪರ್ಕ ದುರ್ಬಲವಾಗಿರುವ ವಿದ್ಯಾರ್ಥಿಗಳಿಗೆ ಪಿಡಿಎಫ್ ಪ್ರತಿಯನ್ನು ಹಂಚಬೇಕು. ದೃಷ್ಟಿದೋಷವಿರುವ ವಿದ್ಯಾರ್ಥಿಯಿದ್ದರೆ ವೆಬ್ ಪುಟದ ರೂಪದಲ್ಲಿರುವ ಪುಸ್ತಕವನ್ನೇ ಆರಿಸಬೇಕು, ಏಕೆಂದರೆ ವೆಬ್ ಪುಟದಲ್ಲಿ ಸೂತ್ರ ತೋರಿಸುವ ಮ್ಯಾಥ್‌ಜ್ಯಾಕ್ಸ್ ತಂತ್ರಾಂಶದಿಂದ ಮೂಡಿದ ಸೂತ್ರಗಳನ್ನು ಪರದೆ ಓದುವ ತಂತ್ರಾಂಶ ಓದಿ ಹೇಳಬಲ್ಲದು, ಸಾಮಾನ್ಯ ಪಿಡಿಎಫ್‌ನಲ್ಲಿ ಅದು ತಡವರಿಸುತ್ತದೆ. ಹೊರಗಿನ ಕೊಂಡಿಗಳನ್ನು ಮೊದಲ ತರಗತಿಯ ಹಿಂದಿನ ದಿನ ಒಂದೊಂದಾಗಿ ತೆರೆದು ನೋಡಬೇಕು.

ಮೊದಲ ಬಾರಿ ಕಲಿಸುವವರು ಒಂದು ಪುಸ್ತಕ, ಏಳೆಂಟು ವಿಡಿಯೊ ತುಣುಕುಗಳು, ಒಂದು ಅಭ್ಯಾಸ ತಾಣ ಇಷ್ಟಕ್ಕೇ ನಿಲ್ಲುವುದು ಒಳ್ಳೆಯದು. ಪ್ರತಿ ವಾರದ ಕೊನೆಗೆ ಯಾವ ಲೆಕ್ಕದಲ್ಲಿ ಹೆಚ್ಚು ಜನ ಎಡವಿದರು, ಯಾವ ತುಣುಕನ್ನು ಮತ್ತೆ ತೋರಿಸಲು ಕೇಳಿದರು, ಪುಸ್ತಕದ ಯಾವ ಪುಟವನ್ನು ನಾವೇ ಬೇರೆ ಮಾತಿನಲ್ಲಿ ಹೇಳಬೇಕಾಯಿತು ಎಂದು ಒಪ್ಪಂದಪತ್ರದ ಹಿಂಬದಿಯಲ್ಲಿ ಗುರುತು ಹಾಕಿಡಬೇಕು. ಮರುವರ್ಷ ಆ ಪುಟವನ್ನು ತಿದ್ದಿ ಬರೆಯಲು ಪರವಾನಗಿ ಅವಕಾಶ ಕೊಟ್ಟಿದ್ದರೆ ತಿದ್ದಿ ಬರೆಯಿರಿ, ಪುಸ್ತಕದಲ್ಲಿ ತಪ್ಪು ಕಂಡಿದ್ದರೆ ಕರ್ತೃವಿಗೆ ಪುಟಸಂಖ್ಯೆ ಸಮೇತ ತಿಳಿಸಿ.